ಪೆಂಗ್ವಿನ್ ಬಾಯಿಗೆ ಹಾಕಿದ್ದು ಕಾಲಡಿಗೆ

ಮೊನ್ನೆ ರಾತ್ರಿ ಒಂಬತ್ತೂವರೆಗೆ ನಮ್ಮ ಓಣಿಗೆ ಜೆಸಿಬಿ ಬಂತು ಮಾರ್ರೆ. ಯಾರ ಮನೆ ಕೆಡವ್ಲಿಕ್ಕೆ ಬಂದದ್ದಪ್ಪಾ ಅಂತ ಎಲ್ಲರೂ ಗೇಟಿಗೆ ಬಂದು ನಿಂತದ್ದು. ನೋಡಿದ್ರೆ ಮಾರನೇ ದಿನ ಕೌನ್ಸಿಲಿನವರ ಪರಿಶೀಲನೆ ಅಂತೆ, ಮೊದಲು ನಮ್ಮ ಓಣಿ ಕೊನೆಯ ಒಣ ಕಸ ಘಟಕ, ಆಮೇಲೆ ಬೀಚು. ಮೂರು ತಿಂಗಳಿಂದ ಘಟಕದ ಗೇಟಿನ ಹೊರಗೆ ಬಿದ್ದಿದ್ದ ಗುಡ್ಡೆಯನ್ನ ಜೆಸಿಬಿ ಮುಕ್ಕಾಲು ಗಂಟೆಯಲ್ಲಿ ಬಾಚಿ ಹಿಂದಿನ ಕಾಂಪೌಂಡಿಗೆ ಒತ್ತಿ ಇಟ್ಟು ಮೇಲೆ ಹಸಿರು ನೆಟ್ ಹೊದೆಸಿ ಹೋಯ್ತು. ಬೆಳಿಗ್ಗೆ ಏಳುವಾಗ ಗೇಟಿಂದ ಮೇನ್ ರೋಡಿನವರೆಗೆ ಎರಡೂ ಬದಿ ಬ್ಲೀಚಿಂಗ್ ಪೌಡರಿನ ಗೆರೆ, ಎಷ್ಟು ನೀಟಾಗಿ ಎಳೆದಿದ್ರು ಅಂದ್ರೆ ನಮ್ಮಮ್ಮ ಕಿಟಕಿಯಿಂದ ನೋಡಿ ಯಾರ ಮನೆ ಮದುವೆ ಅಂತ ಕೇಳಿದ್ರು.

ಈ ಘಟಕದ ಬಗ್ಗೆ ಸ್ವಲ್ಪ ಹೇಳ್ಬೇಕು. ಬೋರ್ಡಲ್ಲಿ "ಒಣ ಕಸ" ಅಂತ ದೊಡ್ಡದಾಗಿ ಬರೆದದ್ದುಂಟು. ಮಳೆಗಾಲದಲ್ಲಿ ಶೀಟು ಸೋರಿ ಒಳಗಿದ್ದದ್ದೆಲ್ಲ ಹಸಿ ಆಗ್ತದೆ, ಬೇಸಿಗೆಯಲ್ಲಿ ಮದುವೆ ಹಾಲಿನಿಂದ ಉಂಡೆಲೆ ಬಂದು ಬೀಳ್ತದೆ, ವರ್ಷಪೂರ್ತಿ ಒಣಗಿ ಇರುವುದು ಆ ಬೋರ್ಡು ಮಾತ್ರ. ಒಳಗೆ ಪ್ಲಾಸ್ಟಿಕ್ ಒತ್ತಿ ಕಟ್ಟು ಕಟ್ಟುವ ಬೇಲಿಂಗ್ ಮಿಷನ್ ಕೂಡ ಉಂಟು. ಹೊಸದು. ತ್ರೀ ಫೇಸ್ ಕನೆಕ್ಷನ್ ಬರ್ಲಿಲ್ಲ ಅಂತ ಅದಕ್ಕೆ ಸುತ್ತಿದ ಕವರ್ ಇನ್ನೂ ಬಿಚ್ಚಲಿಲ್ಲ, ಹಾಗಾಗಿ ಇಡೀ ಘಟಕದಲ್ಲಿ ಕ್ಲೀನಾಗಿ ಒಣಗಿದ ಪ್ಲಾಸ್ಟಿಕ್ ಅಂತ ಇದ್ರೆ ಅದು ಆ ಕವರೊಂದೇ.

ಕಸದ ಗಾಡಿಯವರು ನಮ್ಮ ಹತ್ರ ಮಾತ್ರ ಭಾರೀ ಸ್ಟ್ರಿಕ್ಟ್. 2016ರ ಘನತ್ಯಾಜ್ಯ ನಿಯಮ ಬಂದಾಗ ಹಸಿ, ಒಣ, ಅಪಾಯಕಾರಿ ಅಂತ ಮೂರು ಮಾಡಿ ಕೊಡ್ಬೇಕು ಅಂತಾಯ್ತು, ಕೊಡ್ತಾ ಬಂದಿದ್ದೇವೆ. ಕಳೆದ ವಾರ ಹಸಿ ಬಕೆಟಲ್ಲಿ ಒಂದು ಹಾಲಿನ ತೊಟ್ಟೆ ಸಿಕ್ತು ಅಂತ ಬಕೆಟ್ಟೇ ವಾಪಸ್ ಇಟ್ಟು ಹೋದ್ರು. ನಾಚಿಕೆಯಾಗಿ ತೊಟ್ಟೆ ತೆಗೆದು, ತೊಳೆದು, ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿದ್ದೇನೆ ನಾನು. ಆದ್ರೆ ಗಾಡಿಯಲ್ಲಿ ಹಸಿಗೂ ಒಣಕ್ಕೂ ನಡುವೆ ಒಂದು ತಗಡು ಇತ್ತು, ಅದು ಯಾವತ್ತೋ ತುಕ್ಕು ಹಿಡಿದು ಬಿದ್ದುಹೋಗಿದೆ, ನಮ್ಮ ಮನೆಯಲ್ಲಿ ಡೈವೋರ್ಸ್ ತಗೊಂಡ ಹಸಿಯೂ ಒಣವೂ ಗಾಡಿ ಹತ್ತಿದ ಕೂಡ್ಲೇ ಪುನಃ ಸಂಸಾರ ಶುರು ಮಾಡ್ತವೆ.

ಸರಿ, ಹತ್ತು ಗಂಟೆ ಅಂತ ಇದ್ದ ಪರಿಶೀಲನೆ ಹನ್ನೊಂದೂವರೆಗೆ ಬಂತು. ಕಾರು ನಿಲ್ಲಿಸ್ಲಿಕ್ಕೆ ಜಾಗ ಸಾಲದೆ ಬ್ಲೀಚಿಂಗ್ ಗೆರೆ ಮೇಲೆಯೇ ನಿಲ್ಲಿಸಿದ್ರು. ಒಬ್ಬರು ಮೂಗಿಗೆ ಕರ್ಚೀಫ್ ಒತ್ತಿಕೊಂಡು "ಎಂತದೋ ವಾಸನೆ ಬರ್ತದಲ್ಲ" ಅಂದ್ರು. "ಅದು ಬ್ಲೀಚಿಂಗ್ ಸರ್." "ಓ, ಒಳ್ಳೇದು ಒಳ್ಳೇದು." "ಬೇಲಿಂಗ್ ಮಿಷನ್ ಉಂಟಾ?" "ಉಂಟು ಸರ್." ಓಡ್ತದಾ ಅಂತ ಯಾರೂ ಕೇಳ್ಲಿಲ್ಲ, ಕೇಳದ್ದಕ್ಕೆ ಘಟಕದವರೂ ಹೇಳ್ಲಿಲ್ಲ. ಹಸಿರು ನೆಟ್ ನೋಡಿ ಇನ್ನೊಬ್ಬರು "ನರ್ಸರಿ ಮಾಡಿದ್ದೀರಾ, ಗುಡ್" ಅಂದ್ರು. ಒಟ್ಟು ಒಂಬತ್ತು ನಿಮಿಷ. ಅದರಲ್ಲಿ ಗ್ರೂಪ್ ಫೋಟೋಕ್ಕೆ ನಾಲ್ಕು.

ನಗು ಬರ್ತದೆ, ಆದ್ರೆ ಪಚ್ಚನಾಡಿ ನೆನಪಾದ್ರೆ ನಗು ನಿಲ್ತದೆ. 2019ರ ಆಗಸ್ಟಿನ ಮಳೆಗೆ ಮಂಗಳೂರಿನ ಆ ಕಸದ ಗುಡ್ಡ ಜರಿದು ಕೆಳಗಿನ ಮಂದಾರ ಅನ್ನುವ ಊರಿಗೆ ಇಳೀತಲ್ಲ, ತೆಂಗು ಅಡಿಕೆ ತೋಟ ಎಲ್ಲ ಕಸದಡಿ ಹೋಗಿ ಜನ ಮನೆ ಬಿಟ್ಟು ಹೋಗ್ಬೇಕಾಯ್ತು. ಮಣ್ಣಿನ ಗುಡ್ಡ ಜರಿಯೋದು ನಮ್ಮ ಕಡೆ ಹೊಸತಲ್ಲ, ಊರಿನವರು ತಿಂದು ಬಿಸಾಡಿದ್ದೇ ಗುಡ್ಡೆಯಾಗಿ ಜರಿದು ಬರೋದು ಅಂದ್ರೆ! ಲ್ಯಾಂಡ್‌ಫಿಲ್, ಅಂದ್ರೆ ಕಸ ತುಂಬಿಸುವ ಜಾಗ, ಮಾಡೋದಾದ್ರೆ ಜನವಸತಿಯಿಂದ 200 ಮೀಟರ್, ನದಿಯಿಂದ 100 ಮೀಟರ್ ದೂರ ಇರ್ಬೇಕು ಅಂತ 2016ರ ನಿಯಮ ಹೇಳಿತ್ತು. ಕಸಕ್ಕೆ ಓದ್ಲಿಕ್ಕೆ ಬರ್ಲಿಲ್ಲ, ಅದೇ ಜನರ ಹತ್ರ ಬಂತು. ವಿಮಾನ ನಿಲ್ದಾಣದಿಂದ 20 ಕಿಲೋಮೀಟರ್ ಅಂತಲೂ ಇತ್ತು, ಪಚ್ಚನಾಡಿಯಿಂದ ಬಜಪೆ ಏರ್‌ಪೋರ್ಟಿಗೆ ಎಷ್ಟು ಅಂತ ನೀವೇ ಗೂಗಲ್ ಮ್ಯಾಪಲ್ಲಿ ನೋಡಿ, ನಾನೆಂತ ಹೇಳುದಿಲ್ಲ.

ಆಮೇಲೆ ಬೀಚು. ಇಲ್ಲಿ ನಮ್ಮವರಿಗೆ ಒಂದು ದೊಡ್ಡ ಆಸೆ ಉಂಟು. 2020ರಲ್ಲಿ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ಬ್ಲೂ ಫ್ಲಾಗ್, ಅಂದ್ರೆ ಕ್ಲೀನ್ ಬೀಚಿಗೆ ಕೊಡುವ ವಿದೇಶಿ ಮಾನ್ಯತೆಯ ಬಾವುಟ, ಸಿಕ್ತಲ್ಲ, ನಮಗೂ ಆಗ್ಬೇಕು ಅಂತ. ಅದಕ್ಕೆ 33 ಮಾನದಂಡ ಉಂಟು ಸರ್, ನೀರಿನ ಟೆಸ್ಟ್, ಟಾಯ್ಲೆಟ್, ಲೈಫ್‌ಗಾರ್ಡ್ ಅಂತ ಅಧಿಕಾರಿ ಲಿಸ್ಟ್ ಓದ್ತಾ ಇದ್ರೆ ಒಬ್ಬ ಸದಸ್ಯರು ನಡುವೆ ಬಾಯಿ ಹಾಕಿ "ಅಷ್ಟೆಲ್ಲ ಎಂತಕ್ಕೆ, ಬಾವುಟ ನಾವೇ ಹೊಲಿಸುವಾ, ನಮ್ಮ ವಾರ್ಡಲ್ಲಿ ಒಳ್ಳೆ ಟೈಲರ್ ಇದ್ದಾನೆ" ಅಂದ್ರು. ಜೋಕ್ ಮಾಡಿದ್ದು ಅಂತ ನಾನು ನಕ್ಕೆ. ಬೇರೆ ಯಾರೂ ನಗ್ಲಿಲ್ಲ.

ನೀರಿನ ಅಂಚಲ್ಲಿ ಒಂದು ಕೂಲ್‌ಡ್ರಿಂಕ್ಸ್ ಬಾಟ್ಲಿ ಬಿದ್ದಿತ್ತು. ಇದು ಯಾರದ್ದು ಅಂತ ಅಧ್ಯಕ್ಷರು ಕೇಳಿದ್ರು ನೋಡಿ, ಅಲ್ಲಿ ಶುರುವಾಯ್ತು. ಹೆಲ್ತ್ ಇನ್ಸ್‌ಪೆಕ್ಟರ್ ಹೇಳಿದ್ರು, ಉಬ್ಬರದ ಗೆರೆಯಿಂದ ಮೇಲೆ ಇದ್ರೆ ನಮ್ಮದು ಸರ್, ಕೆಳಗೆ ಇದ್ರೆ ನಮಗೆ ಬರುದಿಲ್ಲ. ಅಷ್ಟೊತ್ತಿಗೆ ಒಂದು ತೆರೆ ಬಂದು ಬಾಟ್ಲಿಯನ್ನ ಮೇಲೆ ತಂದು ಹಾಕ್ತು, ನಮ್ಮದಾಯ್ತು. ಪೌರಕಾರ್ಮಿಕ ಅಕ್ಕ ಹೆಕ್ಕಲಿಕ್ಕೆ ಬಗ್ಗಿದ್ರು, ತೆರೆ ವಾಪಸ್ ಎಳ್ಕೊಂಡು ಹೋಯ್ತು, ನಮ್ಮದಲ್ಲ, ಬಿಡಿ ಬಿಡಿ ಅಂದ್ರು. ಹಾಗಾದ್ರೆ ಮೀನುಗಾರಿಕೆ ಇಲಾಖೆಗೆ ಬರಿಯುವಾ ಅಂತ ಒಬ್ಬರು, ಬಾಟ್ಲಿ ಮೀನಲ್ಲ ಅಂತ ಇನ್ನೊಬ್ಬರು. ಬೀಚು ಪ್ರವಾಸೋದ್ಯಮದವರದ್ದು, ಗಾಳಿ ಮರ ಅರಣ್ಯದವರದ್ದು, ಲೈಟ್ ಕಂಬ ಮೆಸ್ಕಾಮಿನದ್ದು, ಗಾಳಿ ಮರದಡಿ ಒಡೆದ ಬಿಯರ್ ಬಾಟ್ಲಿ ಯಾವ ಇಲಾಖೆದು ಅಂತ ನಾನು ಹಿಂದಿನಿಂದ ಕೇಳ್ಬೇಕಂತಿದ್ದೆ, ಧೈರ್ಯ ಸಾಲ್ಲಿಲ್ಲ. ಇಷ್ಟರಲ್ಲಿ ಬಾಟ್ಲಿ ಏಳೆಂಟು ಸಲ ನಗರಾಡಳಿತಕ್ಕೆ ಸೇರಿ ಏಳೆಂಟು ಸಲ ರಾಜೀನಾಮೆ ಕೊಟ್ಟಾಯ್ತು. ಕೊನೆಗೆ ಜಂಟಿ ಸರ್ವೆ ಮಾಡಿಸುವಾ ಅಂತ ತೀರ್ಮಾನ.

ಪೆಂಗ್ವಿನ್ ಡಸ್ಟ್‌ಬಿನ್ ಬಗ್ಗೆ ಹೇಳದಿದ್ರೆ ಪಾಪ ಬರ್ತದೆ. ಅರಬ್ಬೀ ಸಮುದ್ರದ ದಂಡೆಯಲ್ಲಿ ಏಪ್ರಿಲ್ ಸೆಕೆಗೆ ಹನ್ನೆರಡು ಪೆಂಗ್ವಿನ್ ಬಾಯಿ ತೆರೆದು ನಿಂತಿವೆ, ಪಾಪ ಬಾಯಾರಿಕೆಯಾ ಅಂತ ಅನ್ನಿಸ್ತದೆ. ಬಾಯಿಗೆ ಚರ್ಮುರಿ ಪೊಟ್ಟಣ ಹಾಕಿದ್ರೆ ಸೀದಾ ಕಾಲಡಿಗೆ ಬೀಳ್ತದೆ, ಯಾಕಂದ್ರೆ ತಳ ಉಪ್ಪು ಗಾಳಿಗೆ ತಿಂದು ಹೋಗಿದೆ. ನಾಯಿಗಳಿಗೆ ಇದು ಗೊತ್ತುಂಟು, ಪ್ರತಿ ಪೆಂಗ್ವಿನ್ನಿನ ಕಾಲ ಬುಡದಲ್ಲಿ ಒಂದೊಂದು ಕಾಯ್ತಾ ಕೂತಿರ್ತದೆ. ಸದಸ್ಯರು ಒಂದು ಪೆಂಗ್ವಿನ್ ತಲೆ ಸವರಿ ಇನ್ನೂ ಇಪ್ಪತ್ತು ಹಾಕಿಸುವಾ ಅಂದ್ರು.

ಪ್ಲಾಸ್ಟಿಕ್ ಇಲ್ಲಿಂದ ಎಲ್ಲಿಗೂ ಹೋಗುದಿಲ್ಲ ಅಂತ ಮೀನಿನವರಿಗೆ ಗೊತ್ತು. ಜೂನ್ ಒಂದರಿಂದ ಬೋಟು ನಿಂತು ಕಡಲು ಕೆಟ್ಟಾಗ ವರ್ಷವಿಡೀ ನಾವು ಕೊಟ್ಟದ್ದನ್ನೆಲ್ಲ ಕಡಲು ದಂಡೆಗೆ ತಂದು ಸುರೀತದೆ, ಒಂದು ಚಪ್ಪಲಿ ಸಹ ಇಟ್ಕೊಳ್ಳುದಿಲ್ಲ. ಜೋಡಿ ಮಾತ್ರ ಸಿಗುದಿಲ್ಲ.

ಪರಿಶೀಲನೆ ಮುಗೀತು. ಎಲ್ಲರಿಗೂ ಪೇಪರ್ ಪ್ಲೇಟಲ್ಲಿ ಗೋಳಿಬಜೆ, 200 ಎಂಎಲ್ಲಿನ ನೀರಿನ ಬಾಟ್ಲಿ. ಪ್ಲಾಸ್ಟಿಕ್ ಮುಕ್ತ ಬೀಚ್ ಅಂತ ಬ್ಯಾನರ್ ಹಿಡಿದು ಕೊನೆಯ ಫೋಟೋ, ಬ್ಯಾನರು ಫ್ಲೆಕ್ಸಿನದ್ದು. ಕಾರುಗಳು ಹೋದ ಮೇಲೆ ನೋಡಿದ್ರೆ ಬಾಟ್ಲಿ ಎಲ್ಲ ಅಲ್ಲಲ್ಲೇ, ಅರ್ಧ ಕುಡಿದದ್ದು, ಒಂದೇ ಗುಟುಕು ಕುಡಿದದ್ದು, ಮುಚ್ಚಳವನ್ನೇ ತೆಗೆಯದ್ದು. ಪೌರಕಾರ್ಮಿಕ ಅಕ್ಕ, ಬಾಗಲಕೋಟೆ ಕಡೆಯವರು, ಒಂದೊಂದೇ ಹೆಕ್ಕಿ ನೀರು ಚೆಲ್ಲಿ ತುಳಿದು ಚಪ್ಪಟೆ ಮಾಡಿ ಗೋಣಿಗೆ ಹಾಕ್ತಾ ಇದ್ರು. ಗುಜರಿಯವನಿಗೆ ಕೊಟ್ರೆ ಕಿಲೋ ಲೆಕ್ಕದಲ್ಲಿ ಏನಾದ್ರೂ ಸಿಗ್ತದೆ. ನಾನೂ ನಾಲ್ಕು ಹೆಕ್ಕಿಕೊಟ್ಟೆ. ಗೋಣಿ ಬಾಯಿ ಕಟ್ಟಿ ತಲೆ ಮೇಲಿಟ್ಟುಕೊಂಡು ಕೇಳಿದ್ರು:

"ಅಣ್ಣಾರ, ಸಾಹೇಬ್ರು ಮತ್ತ ಯಾವಾಗ ಬರ್ತಾರ್ರೀ?"