ಕೀಲಿಕೈಯ ಶಾಸನಗಳು

ಕೊಡಗಿನಲ್ಲಿ ಶಾಸನಗಳು ಕಡಿಮೆ ಎಂದು ಇನ್ನು ಯಾರೂ ಕೊರಗಬೇಕಾಗಿಲ್ಲ. ಕಕ್ಕಬ್ಬೆಯ ನಾಲ್ಕುನಾಡು ಅರಮನೆಯ ಗೋಡೆಗಳ ಮೇಲೆ ಶನಿವಾರ, ಭಾನುವಾರ ತಪ್ಪದೆ ಹೊಸ ಶಾಸನಗಳು ಹುಟ್ಟುತ್ತಿವೆ. ಸಾಧನ ಬೈಕಿನ ಕೀಲಿಕೈ, ವಿಷಯ ಬಹುತೇಕ ಪ್ರೇಮ.

ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಡಗಿನ ಅರಸ ದೊಡ್ಡವೀರರಾಜೇಂದ್ರನು 1792ರಿಂದ 1794ರ ನಡುವೆ, ಶತ್ರುವಿನ ಕಣ್ಣಿಗೆ ಬೀಳಬಾರದೆಂದೇ ತಡಿಯಂಡಮೋಳ್ ಬೆಟ್ಟದ ತಪ್ಪಲಿನ ಕಾಡಿನೊಳಗೆ ಕಟ್ಟಿಸಿದ ಅರಮನೆಯಿದು. 1834ರಲ್ಲಿ ಇಂಗ್ಲಿಷರಿಗೆ ಶರಣಾಗುವ ಮುನ್ನ ಕೊನೆಯ ಅರಸ ಚಿಕ್ಕವೀರರಾಜೇಂದ್ರ ಬಂದು ಅಡಗಿದ್ದೂ ಇಲ್ಲಿಯೇ. ಇಷ್ಟು ಜತನದಿಂದ ಬಚ್ಚಿಟ್ಟ ಮನೆಯನ್ನು ಕೊನೆಗೆ ಪತ್ತೆಹಚ್ಚಿದ ಕೀರ್ತಿ ಗೂಗಲ್ ಮ್ಯಾಪಿಗೆ ಸಲ್ಲಬೇಕು. ಹೋಂಸ್ಟೇ ನಡೆಸುವ ನಮ್ಮ ಭಾವನವರು ಅತಿಥಿಗಳಿಗೆ ಕೊಡುವ ಪಟ್ಟಿಯಲ್ಲಿ ಜಲಪಾತಕ್ಕೆ ಒಂದು ಗಂಟೆ, ಜೇನು ಖರೀದಿಗೆ ಅರ್ಧ ಗಂಟೆ, ಅರಮನೆಗೆ ಹದಿನೈದು ನಿಮಿಷ.

ಆ ಹದಿನೈದು ನಿಮಿಷದಲ್ಲಿಯೇ ಒಬ್ಬ ಯುವಕ, ಬಣ್ಣ ಮಾಸಿದ ಭಿತ್ತಿಚಿತ್ರದ ಅಂಚಿನಲ್ಲಿ ಬಾಣ ನೆಟ್ಟ ಹೃದಯವೊಂದನ್ನು ಏಕಾಗ್ರತೆಯಿಂದ ಗೀರುತ್ತಿದ್ದ. ಸುಣ್ಣದ ಪುಡಿ ಅವನ ಶೂ ಮೇಲೆ ಉದುರುತ್ತಿತ್ತು. ಕೇಳಿದ್ದಕ್ಕೆ, "ನೆನಪಿಗೆ ಅಂಕಲ್" ಎಂದ. ಪಕ್ಕದ ಚಿತ್ರ ಬರೆದವನ ಹೆಸರು ಮಾತ್ರ ಯಾವ ಗೋಡೆಯಲ್ಲೂ ಇಲ್ಲ; ಪಾಪ, ಅವನಿಗೆ ಈ ಬುದ್ಧಿ ಹೊಳೆಯಲಿಲ್ಲ. ನಡಿಕೇರಿಯಂಡ ಚಿಣ್ಣಪ್ಪನವರೂ ಹಾಗೆಯೇ: ಊರೂರಿನ ಹಿರಿಯರ ಬಾಯಲ್ಲಿದ್ದ ಕೊಡವ ಹಾಡುಗಳನ್ನು, ಅವರೊಂದಿಗೆ ಮಣ್ಣಾಗಿ ಹೋಗದಂತೆ ಬರೆದಿಟ್ಟು, 1924ರಲ್ಲಿ 'ಪಟ್ಟೋಲೆ ಪಳಮೆ' ಎಂಬ ಪುಸ್ತಕವಾಗಿ ಅಚ್ಚು ಹಾಕಿಸಿದರು. ಅಷ್ಟು ಶ್ರಮದ ಬದಲು ಒಂದು ಗೋಡೆ, ಒಂದು ಕೀಲಿಕೈ ಸಾಕಿತ್ತು.

ಕಾಯ್ದೆಯ ಫಲಕವೂ ಇದೆ. ದಂಡದ ಮೊತ್ತ ಓದಲಾಗುವುದಿಲ್ಲ, ಅದರ ಮೇಲೆಯೇ ಯಾರೋ ಹೆಸರು ಕೆತ್ತಿದ್ದಾರೆ. ತಮಾಷೆ ಸಾಕು. ಮರದ ಕಂಬದಲ್ಲಿ ಎಸಳೆಸಳಾಗಿ ಹೂವು ಬಿಡಿಸಿದ ಬಡಗಿಯ ಕೆಲಸವನ್ನು ಸೆಲ್ಫಿಗಾಗಿ ಬಂದವರು ಕೆರೆದು ಹಾಕುವುದನ್ನು ನೋಡಿಯೂ ಸುಮ್ಮನೆ ಕಾಫಿ ಕುಡಿಯುವ ನಮ್ಮಂಥವರಿಗೆ, ಸಂಸ್ಕೃತಿ ಅಳಿಯುತ್ತಿದೆ ಎಂದು ವೇದಿಕೆಯಲ್ಲಿ ಕಣ್ಣೀರಿಡಲು ನಾಚಿಕೆಯಾಗಬೇಕು.

ಇಷ್ಟೆಲ್ಲ ಬರೆದ ಮೇಲೆ ಇದನ್ನೂ ಹೇಳಿಬಿಡುತ್ತೇನೆ. ಐದನೇ ತರಗತಿಯ ಪ್ರವಾಸದಲ್ಲಿ, ಮೇಷ್ಟ್ರು ಅತ್ತ ತಿರುಗಿದಾಗ, ಒಳಕೋಣೆಯ ಕತ್ತಲಲ್ಲಿ ಕೈವಾರದ ಮೊನೆಯಿಂದ ನಾನೂ ಹೆಸರು ಗೀರಿದ್ದೆ. ಈ ಸಲ ಮೊಬೈಲ್ ಟಾರ್ಚ್ ಹಿಡಿದು ಹುಡುಕಿದೆ. ಮೊದಲ ಅಕ್ಷರ ಮಾತ್ರ ಉಳಿದಿತ್ತು. ಮಿಕ್ಕಿದ್ದರ ಮೇಲೆ ಯಾವನೋ ತನ್ನ ಹೆಸರು ಬರೆದಿದ್ದ. ನನಗೆ ಸಿಕ್ಕಾಪಟ್ಟೆ ಸಿಟ್ಟು ಬಂತು.