ನಾಯಕರು ಹೋದ ಮೇಲೆ ಏನು ಉಳಿಯುತ್ತದೆ?
ಸ್ಥಳೀಯ ನಾಯಕರು ಗಟ್ಟಿಯಾಗಿದ್ದರೆ ಊರು ಬೆಳೆಯುತ್ತದೆ, ಸುತ್ತಲಿನ ಪ್ರದೇಶವೂ ಮೇಲೆ ಬರುತ್ತದೆ ಅಂತ ಲೇಖನದಲ್ಲಿ ಹೇಳಿದ್ದೀರಿ. ಒಪ್ಪುತ್ತೇನೆ, ಆದರೆ ಅರ್ಧ ಮಾತ್ರ. ಒಬ್ಬ ಒಳ್ಳೆಯ ಮನುಷ್ಯ ಬಂದರೆ ಎಲ್ಲ ಸರಿಹೋಗುತ್ತದೆ ಅನ್ನೋ ಥರ ಇದೆ ನಿಮ್ಮ ವಾದ. ಅವರು ಹೋದ ಮೇಲೆ?

ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರವನ್ನೇ ನೋಡಿ. 1989ರಲ್ಲಿ ಅಲ್ಲಿ ಹೊಸ ಪದ್ಧತಿ ಶುರುವಾಯಿತು. ನಗರದ ಬಜೆಟ್‌ನಲ್ಲಿ ಹೊಸ ಕೆಲಸಗಳಿಗೆ ಅಂತ ಇರುವ ದುಡ್ಡನ್ನು ಎಲ್ಲಿ ಹಾಕಬೇಕು, ಚರಂಡಿಗೋ ರಸ್ತೆಗೋ ಶಾಲೆಗೋ ಅಂತ ಬಡಾವಣೆಯ ಜನರೇ ಸಭೆ ಸೇರಿ, ಜಗಳ ಆಡಿ, ಕೊನೆಗೆ ಕೈ ಎತ್ತಿ ತೀರ್ಮಾನ ಮಾಡುತ್ತಿದ್ದರು. ಬಡವರ ಬಡಾವಣೆಗಳಿಗೆ ಜಾಸ್ತಿ ಪಾಲು ಸಿಕ್ಕಿತು. ಬೇರೆ ದೇಶದ ಎಷ್ಟೋ ನಗರಗಳು ಇದನ್ನು ನೋಡಿ ಕಲಿತವು. ಆದರೆ ತಮಾಷೆ ನೋಡಿ, ಅಧಿಕಾರ ಬೇರೆಯವರ ಕೈಗೆ ಹೋದ ಮೇಲೆ ಆ ನಗರದಲ್ಲೇ ಪದ್ಧತಿ ಸೊರಗಿತು. ನಾಯಕರ ಮನಸ್ಸಿದ್ದಷ್ಟು ದಿನ ಮಾತ್ರ ನಡೆಯುವುದಾದರೆ ಅದು ಊರಿನ ಬಲ ಹೇಗಾಗುತ್ತದೆ, ಅಲ್ವಾ?

2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರ ಕೆಲಸವೂ ಇದರ ಸುತ್ತಲೇ ಇದೆ. ನೀರು, ಕಾಡು, ಮೀನು ಇಂಥದ್ದನ್ನು ಹಂಚಿಕೊಂಡು ಬದುಕುವ ಜನ ತಮ್ಮ ನಿಯಮ ತಾವೇ ಮಾಡಿಕೊಂಡು, ತಪ್ಪಿದವರ ಮೇಲೆ ತಾವೇ ಕಣ್ಣಿಟ್ಟರೆ ಅದು ತುಂಬಾ ಕಾಲ ಬಾಳುತ್ತದೆ ಅಂತ ಅವರು ತೋರಿಸಿದರು. ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮಾಡಿದರೆ ದೊಡ್ಡದು. ಭಾಷಣ ಇಲ್ಲ, ಹಾರ ತುರಾಯಿ ಇಲ್ಲ.

ಸುಮ್ನೆ ತಪ್ಪು ಹುಡುಕುತ್ತಿಲ್ಲ. ಮುಂದಿನ ಲೇಖನದಲ್ಲಿ ಆ ನಾಯಕರ ಜೊತೆ ಕೆಲಸ ಮಾಡುವವರನ್ನೂ ಒಮ್ಮೆ ಮಾತಾಡಿಸಿ.