ಕೊಲೆಗಾರನ ಪಕ್ಕದಲ್ಲೊಂದು ಕೆಂಪು ಟಿಕ್

14ನೇ ಪುಟದಲ್ಲಿ ಅಡುಗೆಯವಳು ಚಹಾದ ಟ್ರೇ ಹಿಡಿದು ಒಳಗೆ ಬರುತ್ತಾಳೆ. ಅಷ್ಟೇ. ಇನ್ನೂ ಯಾರೂ ಸತ್ತಿಲ್ಲ. ಸಾಯಬೇಕಾದ ಮನುಷ್ಯ ಮೇಲಿನ ಕೋಣೆಯಲ್ಲಿ ಆರಾಮಾಗಿ ದಾಡಿ ಮಾಡಿಕೊಳ್ಳುತ್ತಿದ್ದಾನೆ. ಆದರೆ ಅಡುಗೆಯವಳ ಹೆಸರಿನ ಪಕ್ಕ, ಅಂಚಿನ ಖಾಲಿ ಜಾಗದಲ್ಲಿ, ಕೆಂಪು ಬಾಲ್‌ಪೆನ್ನಿನ ಒಂದು ಟಿಕ್.

ಮುಗೀತಲ್ಲ. ಇನ್ನುಳಿದ ಪುಟ ಓದಿ ನಾನೇನು ಮಾಡಲಿ? ಅವಳು ಚಹಾಕ್ಕೆ ಸಕ್ಕರೆ ಎಷ್ಟು ಹಾಕಿದಳು ಅಂತ ನೋಡಲಾ?

ಇದು ನಿನ್ನೆಯ ಮಾತು. ಇನ್ನೂ ಹೊಟ್ಟೆ ಉರಿಯುತ್ತಿದೆ. ಕಲಬುರಗಿಯ ಮೇ ತಿಂಗಳು ಹೇಗಿರುತ್ತದೆ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. 43 ಡಿಗ್ರಿ ಅಂದರೆ "ಇವತ್ತು ಸ್ವಲ್ಪ ತಂಪದ" ಅನ್ನುವ ಊರು ನಮ್ಮದು. ಹನ್ನೊಂದು ಗಂಟೆಗೆ ಬಾಗಿಲು, ಕಿಟಕಿ ಹಾಕಿಕೊಂಡು ಕುಳಿತರೆ ಸಂಜೆ ಐದರವರೆಗೆ ಹೊರಗೆ ಮುಖ ಹಾಕುವ ಹಾಗಿಲ್ಲ. ಕೂಲರ್‌ಗೆ ನೀರು ಹಾಕು, ಅದರ ಎದುರು ಚಾಪೆ ಹಾಸು, ಒಂದು ಪತ್ತೇದಾರಿ ಕಾದಂಬರಿ ಹಿಡಿ. ಇದಕ್ಕಿಂತ ದೊಡ್ಡ ಸುಖ ಈ ಊರಿನ ಬೇಸಿಗೆಯಲ್ಲಿ ನನಗಂತೂ ಸಿಕ್ಕಿಲ್ಲ. ಕಥೆಯಲ್ಲಿ ಮಂಜು ಬೀಳುತ್ತಿರುತ್ತದೆ, ಪತ್ತೇದಾರ ಉದ್ದನೆಯ ಕೋಟು ಹಾಕಿಕೊಂಡು ನಡುಗುತ್ತಿರುತ್ತಾನೆ. ಓದುತ್ತಾ ಓದುತ್ತಾ ನಮಗೂ ಒಂಚೂರು ತಂಪು. ಅದೇ ಕೋಟಿನಲ್ಲಿ ಅವನು ಮೇ ತಿಂಗಳಲ್ಲಿ ಸೂಪರ್ ಮಾರ್ಕೆಟ್‌ಗೆ ಬಂದರೆ ಎರಡನೇ ಹೆಣ ಅವನದೇ.

ಆ ಸುಖಕ್ಕೆ ಟಿಕ್ ಹಾಕಿದವರು ಎದುರು ಮನೆಯ ಮುನೀಮ ಕಾಕಾ.

ಕಾಕಾ ಜೀವಮಾನವೆಲ್ಲ ಗಂಜಿನಲ್ಲಿ, ತೊಗರಿಯ ಅಡತ್ ಅಂಗಡಿಯೊಂದರಲ್ಲಿ ಲೆಕ್ಕ ಬರೆದವರು. ಅಂಗಡಿ ಬಿಟ್ಟು ವರ್ಷಗಳಾದವು. ಜೇಬಿನ ಕೆಂಪು ಪೆನ್ನು ಬಿಟ್ಟಿಲ್ಲ. ನನ್ನ ಹತ್ತಿರ ಪತ್ತೇದಾರಿ ಪುಸ್ತಕಗಳ ಒಂದು ಕಪಾಟು ಇದೆ. ವರ್ಷಗಟ್ಟಲೆ ಕೂಡಿಸಿದ್ದು. ಓದಿದ್ದರಲ್ಲಿ ಒಳ್ಳೆಯದನ್ನು ನಾಲ್ಕು ಮಂದಿಗೆ ಓದಿಸುವ ಚಟ ನನಗೆ. ಹಾಗೆ ಕೊಡುತ್ತಾ ಬಂದಾಗ ಬಗೆಬಗೆಯ ಜನ ಸಿಕ್ಕಿದ್ದಾರೆ. ಮಿರ್ಚಿ ಭಜಿ ತಿಂದ ಕೈಯಲ್ಲೇ ಪುಟ ತಿರುವಿ, ಶವದ ಫೋಟೋ ಇರುವ ಮುಖಪುಟಕ್ಕೆ ಎಣ್ಣೆಯ ಬೆರಳಚ್ಚು ಬಿಟ್ಟವರು ಒಬ್ಬರು. ವರ್ಗವಾಗಿ ಬೀದರಿಗೆ ಹೋಗುವಾಗ ಸಾಮಾನಿನ ಜೊತೆ ನನ್ನ ಪುಸ್ತಕಗಳನ್ನೂ ಲಾರಿಗೆ ಹತ್ತಿಸಿದವರು ಇನ್ನೊಬ್ಬರು. ಅವರನ್ನೆಲ್ಲ ಕ್ಷಮಿಸಿದ್ದೇನೆ. ಕಾಕಾನ ವಿಷಯವೇ ಬೇರೆ.

ಕಾಕಾ ಪುಸ್ತಕವನ್ನು ಹಿಂದಿನಿಂದ ಶುರು ಮಾಡುತ್ತಾರೆ. ಮೊದಲು ಕೊನೆಯ ಅಧ್ಯಾಯ. ಕೊಲೆಗಾರ ಯಾರು ಅಂತ ಗೊತ್ತಾದ ಮೇಲೆ ಮುಂದೆ ಬಂದು, ಅವನ ಹೆಸರು ಮೊದಲ ಸಲ ಎಲ್ಲಿ ಬರುತ್ತದೋ ಅಲ್ಲಿ ಟಿಕ್ ಹಾಕುತ್ತಾರೆ. ಆಮೇಲೆ ಗೋಡೆಗೆ ಒರಗಿ, ಕಾಲು ಚಾಚಿ, ನಿಧಾನಕ್ಕೆ ಮೊದಲಿಂದ ಓದುತ್ತಾರೆ.

"ಹಿಂಗ ಯಾರರೆ ಓದ್ತಾರೇನ್ರೀ ಕಾಕಾ?" ಅಂತ ಒಮ್ಮೆ ಕೇಳಿದ್ದೆ.

"ತಮ್ಮಾ, ಖಾತೆ ಪುಸ್ತಕ ಕೈಯಾಗ ಬಂತಂದ್ರ ಮೊದಲು ತಳದಾಗ ಬಾಕಿ ಎಷ್ಟದ ನೋಡ್ಬೇಕು. ಆಮ್ಯಾಲ ಮ್ಯಾಲಿಂದ ತಾಳೆ ಹಚ್ಚಿಕೋತ ಬರ್ಬೇಕು. ನಿಮ್ಮ ಪತ್ತೇದಾರ ಅದಾನಲ್ಲ, ಅಂವಗ ಲೆಕ್ಕದ ಪದ್ಧತಿನೇ ಗೊತ್ತಿಲ್ಲ."

"ಮತ್ತ ಮಜಾ ಏನ್ ಉಳೀತು?"

"ನಂಗ ಬಿಪಿ ಅದ. ಡಾಕ್ಟರು ಟೆನ್ಶನ್ ತಗೋಬ್ಯಾಡ್ರಿ ಅಂದಾರ."

ಬಿಪಿಗೆ ನಾನು ಏನಂತ ಉತ್ತರ ಕೊಡಲಿ? ಪೆನ್ಸಿಲ್ಲಾದರೂ ಬಳಸಿ ಅಂದೆ. ಲೆಕ್ಕದಲ್ಲಿ ಪೆನ್ಸಿಲ್ ನಡೆಯುವುದಿಲ್ಲವಂತೆ, ನಾಳೆ ಯಾರಾದರೂ ತಿದ್ದಿಬಿಟ್ಟರೆ? ವೈಟ್ನರ್ ಹಚ್ಚಿ ನೋಡಿದೆ. ಇಡೀ ಪುಟದಲ್ಲಿ ವೈಟ್ನರ್ ಹಚ್ಚಿದ ಜಾಗ ಒಂದೇ ಇದ್ದರೆ ಅದರ ಪಕ್ಕದಲ್ಲಿರುವವನೇ ಕೊಲೆಗಾರ ಅಂತ ಚಿಕ್ಕ ಮಕ್ಕಳಿಗೂ ಗೊತ್ತಾಗುತ್ತದೆ. ಕೊನೆಗೆ ನಾನೇ ಒಂದು ಕೆಂಪು ಪೆನ್ನು ತಂದು, ಕಂಡ ಕಂಡ ಹೆಸರಿಗೆಲ್ಲ ಟಿಕ್ ಹಾಕುತ್ತಾ ಕುಳಿತೆ. ಕಾಕಾನ ಟಿಕ್ಕಿಗೆ ಒಂದು ಉದ್ದನೆಯ ಬಾಲ ಇರುತ್ತದೆ, ಮೂವತ್ತು ವರ್ಷ ತೊಗರಿ ಚೀಲ ಎಣಿಸಿದ ಕೈ. ನನ್ನದು ಯಾವತ್ತಿದ್ದರೂ ನಕಲಿ.

ಅಂಥವರಿಗೆ ಬುದ್ಧಿ ಹೇಳೋಣ ಅಂತ ಒಂದು ದಿನ ಲಂಡನ್ನಿನ ವಿಷಯ ತೆಗೆದೆ. ಅಲ್ಲಿ ಅಗಾಥಾ ಕ್ರಿಸ್ಟಿಯ 'ಮೌಸ್‌ಟ್ರ್ಯಾಪ್' ಅನ್ನುವ ನಾಟಕ 1952ರ ನವೆಂಬರ್‌ನಲ್ಲಿ ಶುರುವಾಗಿದ್ದು ಇನ್ನೂ ನಡೆಯುತ್ತಿದೆ. ನಿಂತಿದ್ದು ಅಂದರೆ 2020ರ ಮಾರ್ಚ್‌ನಲ್ಲಿ, ಕೋವಿಡ್ ಬಂದಾಗ. ನಾಟಕ ಮುಗಿದ ಮೇಲೆ ನಟರೇ ಮುಂದೆ ಬಂದು, ಕೊಲೆಗಾರ ಯಾರು ಅಂತ ಹೊರಗೆ ಯಾರಿಗೂ ಹೇಳಬೇಡಿ ಅಂತ ಕೇಳಿಕೊಳ್ಳುತ್ತಾರೆ. "ನೋಡ್ರಿ ಕಾಕಾ, ಎಪ್ಪತ್ತು ವರ್ಷದಿಂದ ಅಷ್ಟು ಮಂದಿ ಬಾಯಿ ಮುಚ್ಚಿಕೊಂಡಾರ" ಅಂದೆ.

ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಮಾತು ನಾಟಿತು ಅಂದುಕೊಂಡೆ.

"ಯಾರಂತ?" ಅಂದರು.

ನಾನು ಹೇಳಲಿಲ್ಲ. ಏನಾದರೂ ಆಗಲಿ, ಇದೊಂದನ್ನು ಹೇಳಬಾರದು ಅಂತ ಗಟ್ಟಿ ಮನಸ್ಸು ಮಾಡಿದೆ. ಕಾಕಾ ಮನೆಗೆ ಹೋದರು. ಊಟ ಆದ ಮೇಲೆ ಮತ್ತೆ ಬಂದರು, ಮೊಸರು ಕೇಳುವ ನೆಪದಲ್ಲಿ. "ಗಂಡಸೋ ಹೆಂಗಸೋ, ಅಷ್ಟರೆ ಹೇಳು." ಇಲ್ಲ ಅಂದೆ. "ಮುದುಕರೇನು?" ಇಲ್ಲ ಅಂದೆ. "ಮುದುಕರಲ್ಲಂದ್ರ ಹರೇದವರು" ಅಂತ ಖುಷಿಯಾಗಿ ಹೊರಟರು. ಅಯ್ಯೋ, ಹೇಳುವುದಿಲ್ಲ ಅಂತ ಇಲ್ಲ ಅಂದಿದ್ದು ಕಾಕಾ, ಅಂತ ಬಾಗಿಲ ತನಕ ಓಡಿ ಹೋಗಿ ತಿದ್ದಿದೆ. ಬೆಳಗ್ಗೆ ಆರಕ್ಕೆ ಕಾಕಿ ಬಂದು ಗೇಟಿನ ಹತ್ತಿರ ನಿಂತರು. "ತಮ್ಮಾ, ಅದ್ಯಾವುದೋ ಹೆಸರು ಹೇಳಿಬಿಡಪ್ಪ. ರಾತ್ರಿಯೆಲ್ಲಾ ಎದ್ದು ಕೂತಾರ. ನಂಗೂ ನಿದ್ದಿ ಇಲ್ಲ." ಆಗಲೂ ನಾನು ಜಗ್ಗಲಿಲ್ಲ. ಅಷ್ಟರಲ್ಲಿ ಮೊಮ್ಮಗ ಎದ್ದ. ಅವನ ಮೊಬೈಲಿನಲ್ಲಿ ಹುಡುಕಿಸಿದರು. ಸಿಕ್ಕಿತು. ಸಿಕ್ಕಿದ್ದನ್ನು ಇಟ್ಟುಕೊಂಡು ಕೂರಲು ಆಗುತ್ತದಾ? ಆ ಹೊತ್ತಿಗೆ ಎದುರಿಗೆ ಬಂದವನು ಹಾಲಿನವ. ಅವನಿಗೆ ನಾಟಕ ಗೊತ್ತಿಲ್ಲ, ಲಂಡನ್ ಬೇಕಿಲ್ಲ, ಯಾರು ಸತ್ತರು ಅಂತಲೂ ತಿಳಿಯದು. ಕೊಲೆ ಮಾಡಿದ್ದು ಯಾರು ಅಂತ ಮಾತ್ರ ಪಕ್ಕಾ ಗೊತ್ತು. "ಪೊಲೀಸ್ರು ಹಿಡಿದ್ರೇನ್ರಿ ಮತ್ತ?" ಅಂತ ನನ್ನನ್ನೇ ಕೇಳುತ್ತಾನೆ, ಹಾಲು ಅಳೆಯುತ್ತಾ.

ಇಷ್ಟು ಕಷ್ಟಪಟ್ಟು ಓದಿಸಿದರೆ ಮರ್ಯಾದೆಯಾದರೂ ಇದೆಯಾ ಅಂದರೆ ಅದೂ ಇಲ್ಲ. "ಇಷ್ಟು ಓದ್ತೀರಿ, ಸಾಹಿತ್ಯ ಓದ್ರಿ" ಅನ್ನುವವರೇ ಜಾಸ್ತಿ. 2020ರ ಫೆಬ್ರವರಿಯಲ್ಲಿ 85ನೇ ಸಾಹಿತ್ಯ ಸಮ್ಮೇಳನ ನಮ್ಮೂರಲ್ಲೇ, ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯಿತಲ್ಲ. ಮಳಿಗೆಯೊಂದರಲ್ಲಿ ಪತ್ತೇದಾರಿ ಇದೆಯಾ ಅಂತ ಕೇಳಿದ್ದಕ್ಕೆ, ಅಂಗಡಿಯಾತ ನನ್ನನ್ನು ಮೇಲಿಂದ ಕೆಳಗೆ ನೋಡಿ ಕವನ ಸಂಕಲನ ಕೊಟ್ಟ. ರಿಯಾಯಿತಿ ಬೇರೆ! ಎನ್. ನರಸಿಂಹಯ್ಯನವರು ನಾಲ್ಕನೇ ಕ್ಲಾಸು ಓದಿ ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಹಿಂದೆ ಬಿದ್ದು ಕನ್ನಡ ಓದುವ ರೂಢಿ ಮಾಡಿಕೊಂಡವರು ಎಷ್ಟೋ ಜನ. ನವೆಂಬರ್ 1ಕ್ಕೆ ಜಗತ್ ಸರ್ಕಲ್ಲಿನಲ್ಲಿ ಹಾರಾಡುತ್ತದಲ್ಲ ಹಳದಿ-ಕೆಂಪು ಬಾವುಟ, ಅದನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಬರೆದವರೇ. ಬಾವುಟಕ್ಕೆ ಕೈ ಮುಗಿಯುವವರು ಕಾದಂಬರಿಗೆ ಮೂಗು ಮುರಿಯುತ್ತಾರೆ. ಇರಲಿ, ಈ ಜಗಳ ಇನ್ನೊಂದು ದಿನ.

ನಮ್ಮ ಓಣಿಯನ್ನೇ ಇಟ್ಟುಕೊಂಡು ಒಂದು ಕಥೆ ಬರೆಯಿರಿ ಅಂತ ಹೇಳಿದವರೂ ಇದ್ದಾರೆ. ಬರೆಯುವುದು ಹೇಗೆ? ಪತ್ತೇದಾರಿ ಕಥೆಗೆ ಒಂದು ಗುಟ್ಟು ಬೇಕು. ಇಲ್ಲಿ ಯಾರ ಮನೆಗೆ ಯಾರು ಎಷ್ಟು ಹೊತ್ತಿಗೆ ಬಂದರು, ಕೈಯಲ್ಲಿ ಏನಿತ್ತು, ಚಹಾ ಕುಡಿದರೋ ಹಾಗೇ ಹೋದರೋ, ಎಲ್ಲವೂ ಕಟ್ಟೆಯ ಮೇಲೆ ಕುಳಿತ ಅಮ್ಮಂದಿರಿಗೆ ಗೊತ್ತು. ಕೊಲೆಯಾದ ಐದು ನಿಮಿಷಕ್ಕೆ ಕೇಸು ಮುಗಿದು, ಕೊಲೆಗಾರನ ಅತ್ತೆಯ ಊರು ಯಾವುದು ಅನ್ನುವ ಚರ್ಚೆ ಶುರುವಾಗಿರುತ್ತದೆ.

ಮೊದಲು ಹೀಗಿರಲಿಲ್ಲ. ಸ್ಟೇಷನ್ ರಸ್ತೆಯ ಕಡೆ ಬಾಡಿಗೆಗೆ ಪುಸ್ತಕ ಕೊಡುವ ಒಂದು ಸಣ್ಣ ಅಂಗಡಿ ಇತ್ತು. ಎಲ್ಲಕ್ಕೂ ಕಂದು ಕಾಗದದ ರಟ್ಟು, ಮೇಲೆ ಶಾಯಿಯಲ್ಲಿ ನಂಬರು. ಕೈಯಿಂದ ಕೈಗೆ ಹೋಗಿ ಹೋಗಿ ಆ ಪುಸ್ತಕಗಳ ಕೊನೆಯ ಹಾಳೆಗಳು ಕಿತ್ತು ಹೋಗಿರುತ್ತಿದ್ದವು. ಸರಿಯಾಗಿ "ಕೊಲೆ ಮಾಡಿದ್ದು ಬೇರೆ ಯಾರೂ ಅಲ್ಲ" ಅನ್ನುವಲ್ಲಿಗೆ ಪುಸ್ತಕ ಮುಗಿದಿರುತ್ತಿತ್ತು. ಅಂಗಡಿಯವನನ್ನು ಕೇಳಿದರೆ, "ನಂಗೂ ಗೊತ್ತಿಲ್ರಿ, ನಾ ತಗೊಂಡಾಗ್ಲೇ ಹಿಂಗಿತ್ತು" ಅನ್ನುತ್ತಿದ್ದ. ಆಮೇಲೆ ಚಹಾದ ಅಂಗಡಿಯಲ್ಲಿ ಜಗಳ. ತಮ್ಮನೇ ಕೊಂದಿದ್ದು ಅಂತ ಒಬ್ಬ, ವಕೀಲನೇ ಅಂತ ಇನ್ನೊಬ್ಬ. ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಹೋಗಬೇಕಾದವನು ವಕೀಲನ ಪರವಾಗಿ ವಾದಿಸುತ್ತಾ ಗಾಡಿ ತಪ್ಪಿಸಿಕೊಂಡದ್ದೂ ಉಂಟು. ಆ ಕೊಲೆಗಳಲ್ಲಿ ಎಷ್ಟೋ ಇವತ್ತಿಗೂ ಬಗೆಹರಿದಿಲ್ಲ. ಈಗ ಆ ಜಾಗದಲ್ಲಿ ಮೊಬೈಲ್ ಕವರ್ ಮಾರುತ್ತಾರೆ. ಅಲ್ಲಿ ಜಗಳವಾಡುತ್ತಿದ್ದವರು ಎದುರಿಗೆ ಸಿಗುತ್ತಾರೆ, "ಈಗೆಲ್ಲಿ ಓದೋದು, ಕಣ್ಣು ಮಂಜಾಗ್ಯಾವ" ಅನ್ನುತ್ತಾರೆ, ಮತ್ತೆ ಮೊಬೈಲ್ ನೋಡುತ್ತಾರೆ.

ಕಪಾಟಿನ ಮುಂದೆ ಬಂದು ನಿಂತು, "ಹೊಸಾದು ಏನರೆ ಬಂದದೇನು?" ಅಂತ ಕೇಳುವವರು ಈಗ ಕಾಕಾ ಒಬ್ಬರೇ. ನನಗೆ ಸಿಟ್ಟು ಬರುವುದು ಇದಕ್ಕೇ. ನಾಲ್ಕು ಜನ ಇದ್ದಿದ್ದರೆ ಇವರಿಗೆ ಪುಸ್ತಕ ಕೊಡುವುದನ್ನು ಯಾವಾಗಲೋ ನಿಲ್ಲಿಸಬಹುದಿತ್ತು.

ನಿನ್ನೆ ಅಡುಗೆಯವಳ ಕೇಸು ಹೀಗೆ ಕೆಟ್ಟ ಮೇಲೆ ನಾನೂ ಒಂದು ಉಪಾಯ ಮಾಡಿದೆ. ಇನ್ನೊಂದು ಹೊಸ ಪುಸ್ತಕ ಇತ್ತು, ನಾನಿನ್ನೂ ಮುಟ್ಟಿರಲಿಲ್ಲ. ಅದರ ಕೊನೆಯ ಅಧ್ಯಾಯಕ್ಕೆ ಸುತ್ತಲೂ ಸ್ಟೇಪ್ಲರ್ ಹೊಡೆದು, ಮೇಲೊಂದು ಟೇಪ್ ಹಚ್ಚಿ, ಸಂಜೆ ಕಾಕಾನ ಕೈಗೆ ಕೊಟ್ಟೆ. ತಿರುಗಿಸಿ ನೋಡಿದರು. ನನ್ನನ್ನು ನೋಡಿದರು. ಒಂದು ಮಾತಾಡದೆ ತಗೊಂಡು ಹೋದರು.

ಇವತ್ತು ಮಧ್ಯಾಹ್ನ ಆ ಬಿಸಿಲಿನಲ್ಲಿ, ತಲೆ ಮೇಲೆ ಟವೆಲ್ ಹಾಕಿಕೊಂಡು ವಾಪಸ್ ತಂದರು. ಸ್ಟೇಪ್ಲರ್ ಪಿನ್ನು ಒಂದೂ ಬಿಚ್ಚಿಲ್ಲ. ಒಳಗೆ ತೆಗೆದು ನೋಡಿದರೆ ಟಿಕ್ಕೋ ಟಿಕ್ಕು. ಗಂಡನಿಗೆ ಟಿಕ್, ನಾದಿನಿಗೆ ಟಿಕ್, ಡ್ರೈವರಿಗೆ ಟಿಕ್, ಡಾಕ್ಟರಿಗೆ ಎರಡು. ಪಾಪದ ಇನ್‌ಸ್ಪೆಕ್ಟರ್ ಬಂದ ಕಡೆಯೆಲ್ಲಾ ಉದ್ದ ಬಾಲದ ಟಿಕ್.

"ಕಾಕಾ, ಇನ್‌ಸ್ಪೆಕ್ಟರ್ ಯಾಕ್ರೀ? ಅಂವ ಹಿಡಿಯೋನು!"

ಕಾಕಾ ಕೂಲರ್ ಎದುರು ಕುಳಿತು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಬಂದಾಗೊಮ್ಮೆ ಚಹಾ ಕುಡೀತಾನ. ಒಂದು ಸಲನೂ ರೊಕ್ಕ ಕೊಟ್ಟಿದ್ದು ಬರದಿಲ್ಲ. ಅದು ಯಾರ ಖಾತೆಗಿ ಹೋಯ್ತು, ಮೊದಲ ಅದನ್ನ ಹೇಳು."